ಎಂಟು ಮರದ ಕೆಳಗಿನ ವಿಮಾನ

ಬಾವಿಯ ನೀರಿನ ಮೇಲೆ ಎಣ್ಣೆ ತೇಲುತ್ತಿದೆ, ಅದು ನಾನು ಕೂರಿಸಿದ ಎಂಜಿನ್ನಿನದೇ ಎಂದು ತೋಟದ ಯಜಮಾನರು ತಿಪಟೂರಿನ ನನ್ನ ಅಂಗಡಿಗೇ ಬಂದು, ನಾಲ್ಕು ಜನರ ಎದುರು ಹೇಳಿದರು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನೊಣವಿನಕೆರೆ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಹಳ್ಳಿ ಅವರದು. ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಕಾಲ. ಹಾಗಾಗಿ ಹಿಂದಿನ ಬೇಸಿಗೆಯಲ್ಲಿ ಅವರ ಬಾವಿಯೊಳಗಿನ ಕಲ್ಲುಕಟ್ಟೆಯ ಮೇಲೆ ಒಂದು ಡೀಸೆಲ್ ಎಂಜಿನ್ನನ್ನೂ ಪಂಪನ್ನೂ ನಾನೇ ಕೂರಿಸಿಕೊಟ್ಟಿದ್ದೆ.

"ಏನ್ರೀ, ಪಂಪು ಕೂರಿಸ್ರಿ ಅಂದ್ರೆ ಗಾಣ ಕೂರಿಸಿದ್ದೀರಲ್ರೀ," ಎಂದರು ಯಜಮಾನರು. "ನೀರಿಗಿಂತ ಎಣ್ಣೆನೇ ಜಾಸ್ತಿ ಬತ್ತೈತೆ."

ಅಂಗಡಿಯಲ್ಲಿದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಪಂಪ್‌ಸೆಟ್ ರಿಪೇರಿಯವನಿಗೆ ಹೆಸರೇ ಬಂಡವಾಳ. ಒಂದು ಹಳ್ಳಿಯಲ್ಲಿ ಕೆಟ್ಟರೆ ಸಂತೆ ದಿನ ಹತ್ತು ಹಳ್ಳಿಗೆ ಸುದ್ದಿ. ಕೈಲಿದ್ದ ಕೆಲಸ ಬಿಟ್ಟು ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಅವರ ಜೊತೆಯಲ್ಲೇ ಬಸ್ಸು ಹತ್ತಿದೆ. 

ಬಾವಿಗೆ ಇಣುಕಿದಾಗ ಮಾತ್ರ ನನ್ನ ಸಿಟ್ಟು ಅರ್ಧ ಇಳಿಯಿತು. ನೀರಿನ ಮೇಲೆ ನವಿಲುಗರಿಯ ಬಣ್ಣ ಹರಡಿತ್ತು. ಕಲ್ಲಿನ ಸಂದುಗಳಲ್ಲಿ ಕಪ್ಪು ಜಿಡ್ಡು ಹತ್ತಿತ್ತು. ಆ ಒಂದು ಬಾವಿಯೇ ತೋಟಕ್ಕೂ ಮನೆಗೂ ದನಕ್ಕೂ ಆಧಾರ. ಶಿವರಾತ್ರಿ ಕಳೆದಿತ್ತು, ಮಳೆಗೆ ಇನ್ನೂ ಮೂರು ತಿಂಗಳು. ಕುಡಿಯುವ ನೀರನ್ನು ಪಕ್ಕದ ತೋಟದಿಂದ ಹೊರುತ್ತಿದ್ದರು, ಅವರ ಬಾವಿಯಲ್ಲೂ ನೀರು ಅಷ್ಟಕ್ಕಷ್ಟೆ. ಇದು ಸರಿಹೋಗದಿದ್ದರೆ ತೋಟ ಒಣಗುತ್ತದೆ ಎಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾದ ವಿಷಯವಾಗಿರಲಿಲ್ಲ.

ಮೊದಲು ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಆಯಿಲ್ ಗೆರೆಯ ಮಟ್ಟಕ್ಕೇ ಇತ್ತು. ಯಜಮಾನರಿಗೆ ತೋರಿಸಿದೆ. "ನೀವೇ ಆಗಾಗ್ಗೆ ಬಂದು ತುಂಬುಸ್ತೀರಲ್ರೀ," ಎಂದರು. ಸರಿ ಎಂದು ದಿನಪತ್ರಿಕೆಯ ತುಂಡೊಂದನ್ನು ನೀರಿನ ಮೇಲೆ ಆಡಿಸಿ ಬಿಸಿಲಿಗಿಟ್ಟೆ. ಪಕ್ಕದಲ್ಲಿ ಇನ್ನೊಂದು ತುಂಡಿಗೆ ನಮ್ಮ ಟ್ಯಾಂಕಿನ ಡೀಸೆಲ್ ಸವರಿಟ್ಟೆ. ಸಂಜೆಗೆ ಡೀಸೆಲ್ಲಿನ ಕಲೆ ಬಹುಪಾಲು ಆರಿತ್ತು. ಬಾವಿಯದು ಹಾಗೇ ಜಿಡ್ಡಾಗಿ, ಕಾಗದದ ಆಚೆಯ ಅಕ್ಷರ ಈಚೆಗೆ ಕಾಣುವಷ್ಟು ಪಾರದರ್ಶಕವಾಗಿತ್ತು. ಡೀಸೆಲ್ ಅಲ್ಲ, ಎಂಜಿನ್ ಆಯಿಲ್. ಅದೂ ಬಳಸಿ ಕಪ್ಪಾದದ್ದು. ಆದರೆ ನನ್ನ ಎಂಜಿನ್ನಿನ ಹೊಟ್ಟೆಯಲ್ಲಿ ಹಿಡಿಯುವುದೇ ಒಂದೆರಡು ಚೊಂಬು, ಬಾವಿಯಲ್ಲಿದ್ದದ್ದು ಬಕೆಟ್‌ಗಟ್ಟಲೆ.

ನನ್ನ ಮಾತಿಗೆ ಬೆಲೆ ಬರುವುದಿಲ್ಲ ಎಂದು ಗೊತ್ತಾಗಿ, ಆಳುಗಳನ್ನು ಸೇರಿಸಿ ಎಂಜಿನ್ನನ್ನೇ ಹಗ್ಗ ಕಟ್ಟಿ ಮೇಲಕ್ಕೆ ಎತ್ತಿಸಿದೆ. ಬಾವಿಯ ಎಣ್ಣೆಯನ್ನೆಲ್ಲ ಬಳಿದು ತೆಗೆಸಿದೆ. "ಒಂದು ವಾರ ಬುಟ್ಟು ನೋಡಿ, ಎಣ್ಣೆ ಬರ್ದಿದ್ರೆ ಎಂಜಿನ್ ನಾನೇ ಹೊತ್ಕಂಡು ಹೋಗ್ತೀನಿ," ಎಂದು ಹೇಳಿ ಬಂದೆ. ವಾರ ಕಳೆಯುವ ಮೊದಲೇ ಯಜಮಾನರು ಮತ್ತೆ ಅಂಗಡಿಗೆ ಬಂದರು. ಈ ಸಲ ಒಬ್ಬರೇ ಒಳಗೆ ಬಂದು, ಮೆಲ್ಲಗೆ, "ಇನ್ನೂ ಬತ್ತಾ ಐತೆ ಕಣ್ರೀ," ಎಂದರು. ಕ್ಷಮೆ ಕೇಳಲಿಲ್ಲ, ನಾನೂ ಕಾಯಲಿಲ್ಲ. ಅಷ್ಟರಲ್ಲಿ ನನಗೆ ಬೇರೆಯದೇ ಹುಳ ತಲೆಯೊಳಗೆ ಹೊಕ್ಕಿತ್ತು. ತೆಂಗಿನ ತೋಟದ ನೆಲದೊಳಗೆ ಇಷ್ಟು ಎಂಜಿನ್ ಆಯಿಲ್ ಎಲ್ಲಿಂದ ಬರುತ್ತದೆ?

ಬಾವಿಯನ್ನು ಪೂರ್ತಿ ಬತ್ತಿಸಿ ನೋಡುವುದೊಂದೇ ದಾರಿ. ಎಂಜಿನ್ನನ್ನು ದಡದಲ್ಲೇ ಇಟ್ಟು, ಉದ್ದದ ಪೈಪು ಇಳಿಬಿಟ್ಟು ಎಷ್ಟು ಎಳೆಯುತ್ತೋ ಅಷ್ಟು ಎಳೆಸಿ, ಉಳಿದದ್ದನ್ನು ಬಕೆಟ್ಟಿನಲ್ಲಿ ಸೇದಿಸಿ, ಬೀಳು ಬಿದ್ದಿದ್ದ ಹೊಲಕ್ಕೆ ಚೆಲ್ಲಿಸಿದೆವು. ತಳ ಕಂಡ ಮೇಲೆ ನಾನೂ ಬಾವಿ ತೋಡುವ ಮೇಸ್ತ್ರಿಯೂ ಕೆಳಗಿಳಿದು ಕೂತೆವು. ಸೆಲೆಗಳು ಒಂದೊಂದಾಗಿ ಕಣ್ಣು ಬಿಡತೊಡಗಿದವು. ಮೂರು ಸೆಲೆಯ ನೀರು ತಿಳಿಯಾಗಿತ್ತು. ಮೂಡಲ ದಿಕ್ಕಿನ ಬಿರುಕಿನಿಂದ ಮಾತ್ರ ನೀರಿನ ಜೊತೆಗೇ ಬಣ್ಣ ಇಳಿದು ಬಂತು. ಮೇಸ್ತ್ರಿ ಬೆರಳಲ್ಲಿ ಮುಟ್ಟಿ ಮೂಸಿ, "ಭೂಮ್ತಾಯಿಗೂ ಸರ್ವೀಸ್ ಮಾಡ್ಸೋ ಟೈಮ್ ಬಂದೈತೆ ಕಣ್ರೀ," ಎಂದ.

ಮೂಡಲ ಕಡೆ ನೆಲ ಕೊಂಚ ಏರು. ಅಲ್ಲಿ ಎಂಟು ತೆಂಗಿನ ಮರಗಳಿದ್ದವು. ಎಷ್ಟೋ ಸಲ ಅವುಗಳ ನೆರಳಿನಲ್ಲಿ ಕೂತು ಬುತ್ತಿ ಉಂಡಿದ್ದ ನಾನು, ಅವುಗಳನ್ನು ಸರಿಯಾಗಿ ನೋಡಿದ್ದು ಅವತ್ತೇ. ಉಳಿದ ತೋಟವೆಲ್ಲ ದಾರ ಹಿಡಿದು ನೆಟ್ಟ ಸಾಲು. ಈ ಎಂಟು ಮಾತ್ರ ಒಂದಕ್ಕೊಂದು ಗರಿ ತಾಗುವಷ್ಟು ಒತ್ತಾಗಿ, ಒಂದು ಕೋಣೆಯ ಗೋಡೆಯ ಹಾಗೆ ಸುತ್ತ ನಿಂತಿದ್ದವು. ನಮ್ಮ ಕಡೆ ಬುದ್ಧಿ ಇದ್ದವರಾರೂ ತೆಂಗನ್ನು ಹಾಗೆ ನೆಡುವುದಿಲ್ಲ.

"ಇವ್ನ ಯಾರು ನೆಟ್ಟಿದ್ದು ಯಜಮಾನ್ರೇ?"

"ನಮ್ಮಪ್ಪ. ಯಾಕೆ ಹಿಂಗೆ ನೆಟ್ರು ಅಂತ ನಂಗೂ ಗೊತ್ತಿಲ್ಲ. ಕೇಳಿದ್ರೆ ಅವ್ವ ಮಾತು ಮರೆಸ್ತಾಳೆ."

ಮರಗಳಿಗೂ ಬಾವಿಗೂ ನಡುವೆ, ಬೇರು ಕಡಿಯದಷ್ಟು ದೂರ ಬಿಟ್ಟು, ಮೇಸ್ತ್ರಿಯಿಂದ ಒಂದು ಗುಂಡಿ ತೋಡಿಸಿದೆ. ಎದೆಮಟ್ಟಕ್ಕೆ ಹೋಗುವವರೆಗೂ ಗಟ್ಟಿ ನೆಲ. ಆಮೇಲೆ ಮರದ ಕಡೆಯ ಮಗ್ಗುಲು ಸಡಿಲ ಮಣ್ಣಾಯಿತು. ಇನ್ನೂ ಒಂದಾಳು ಆಳ ಇಳಿಯುವಷ್ಟರಲ್ಲಿ ಆ ಮಗ್ಗುಲಿನಿಂದ ಕಪ್ಪು ಜಿಡ್ಡು ಬೆವರತೊಡಗಿತು. ಮೇಸ್ತ್ರಿಯ ಹಾರೆ ಠಣ್ ಎಂದಿತು. ಮಣ್ಣು ಕೆರೆದಾಗ ಕಂಡದ್ದು ಲಾರಿಯ ಮೂತಿ, ದೀಪದ ಗುಣಿಯ ಸಮೇತ. ಅದರ ಮೇಲೆ ಒರಗಿದ್ದ ಬೆಳ್ಳನೆಯ ತಗಡೊಂದನ್ನು ಎಳೆದು ಕೈಲಿ ಹಿಡಿದೆ. ತುಕ್ಕಿಲ್ಲ, ತೂಕವಿಲ್ಲ. ಅಂಚಿನುದ್ದಕ್ಕೂ ಸಾಲು ಸಾಲಾಗಿ ಸಣ್ಣ ರಿವೆಟ್ಟುಗಳು. ಲಾರಿಗೆ ಯಾರೂ ಅಷ್ಟು ನಾಜೂಕಾಗಿ ರಿವೆಟ್ ಹೊಡೆಯುವುದಿಲ್ಲ. 

ಸುದ್ದಿ ಹರಡಲು ಎಷ್ಟು ಹೊತ್ತು? ಮಧ್ಯಾಹ್ನಕ್ಕೆ ಊರೇ ಗುಂಡಿಯ ಸುತ್ತ ನಿಂತಿತ್ತು. ಮರುದಿನ ತುರುವೇಕೆರೆಯ ಕಡೆಯ ಒಬ್ಬ ಗುಜರಿ ವ್ಯಾಪಾರಿ ಲಾರಿಯ ಸಮೇತ ಬಂದ. ಅವನು ತಗಡನ್ನು ಹಲ್ಲಲ್ಲಿ ಕಚ್ಚಿ ನೋಡಿ, "ಅಲ್ಯೂಮಿನಿಯಂ ಕಣ್ರೀ, ಒಳ್ಳೇ ಮಾಲು. ಎಲ್ಲಾ ನಾನೇ ತಗಂಡೋಗ್ತೀನಿ. ನಿಮ್ಮ ಬಾವಿನೂ ಕ್ಲೀನಾಗ್ತದೆ. ಮರ ಎಂಟೂ ಉರುಳಿಸ್ಬೇಕು, ಅಷ್ಟೇಯ," ಎಂದ.

 ಬಾವಿ ಉಳಿಯಬೇಕಾದರೆ ಅದೇ ದಾರಿ ಎಂದು ಯಜಮಾನರಿಗೂ ಒಳಗೊಳಗೇ ಅನ್ನಿಸಿತ್ತು. ಕೊಡಲಿ ತನ್ನಿ ಎಂದು ಆಳುಗಳಿಗೆ ಹೇಳಿದರು. ಆಳುಗಳು ಅಲುಗಾಡಲಿಲ್ಲ. ಕಾಯಿ ಬಿಡುತ್ತಿರುವ ತೆಂಗಿನ ಮರಕ್ಕೆ ನಮ್ಮ ಕಡೆ ಕೊಡಲಿ ಹಾಕುವವರಿಲ್ಲ. ಸಿಡಿಲು ಬಡಿದ ಮರವನ್ನೂ ಸುಳಿ ಪೂರ್ತಿ ಒಣಗುವ ತನಕ ಕಾದು, ಪೂಜೆ ಮಾಡಿ ಕಡಿಯುತ್ತಾರೆ. "ಬುದ್ಧಿ, ಬೇರೆ ಯಾರನ್ನಾದ್ರೂ ನೋಡ್ಕಳಿ," ಎಂದು ಮೇಸ್ತ್ರಿಯೂ ಹಾರೆ ಕೆಳಗಿಟ್ಟ.

ಆಗಲೇ ಯಜಮಾನರ ತಾಯಿ ಮನೆಯಿಂದ ನಡೆದು ಬಂದದ್ದು. ಅರವತ್ತರ ಹತ್ತಿರದ ಹೆಂಗಸು, ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಗುಂಡಿಯ ಅಂಚಿನಲ್ಲಿ ಕೂತು, ಆ ಬೆಳ್ಳನೆಯ ತಗಡನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಲ್ಲಿ ಒರೆಸಿದರು.

"ರೆಕ್ಕೆದು ಕಣಪ್ಪ ಇದು," ಎಂದರು ನನ್ನನ್ನು ನೋಡಿ. "ಎರಡು ವಿಮಾನ, ಆರೋ ಏಳೋ ಲಾರಿ ಜೀಪು. ನಾನೇ ಮಣ್ಣು ಹಾಕಿದ್ದೀನಿ."

ಇದನ್ನು ಬಲ್ಲ ಹಿರಿಯರು ಊರಿನಲ್ಲಿ ಒಬ್ಬಿಬ್ಬರು ಉಳಿದಿದ್ದರು, ಅವರೂ ಸರ್ಕಾರದ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ. ನನಗಂತೂ ಬಾವಿ, ಎಣ್ಣೆ, ಗುಜರಿಯವನು ಎಲ್ಲ ಮರೆತುಹೋಯಿತು. ಪಕ್ಕದಲ್ಲೇ ಕೂತು ಒಂದೊಂದೇ ಕೇಳತೊಡಗಿದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಊರಾಚೆಯ ಬಯಲನ್ನು ಮಟ್ಟ ಮಾಡಿ ವಿಮಾನ ಇಳಿಯಲು ಜಾಗ ಮಾಡಿದ್ದರಂತೆ. ಇವರ ಹೊಲವನ್ನೂ ಅದಕ್ಕೆ ತೆಗೆದುಕೊಂಡಿದ್ದರು. ಯುದ್ಧ ಮುಗಿದ ಮೇಲೆ ಹೊಲ ಬಿಟ್ಟುಕೊಟ್ಟು ಹೋಗುವಾಗ, ಉಳಿದ ಸಾಮಾನು ತೆಗೆದುಕೊಂಡು ಹೋಗುವ ಬದಲು ಇಲ್ಲೇ ಹೂಳಬೇಕೆಂದು ಆಜ್ಞೆ ಬಂತು. ದೊಡ್ಡ ಗುಂಡಿ, ಒಂದು ಕಡೆ ಇಳಿಜಾರು. ಮಣ್ಣು ಹೊರಲು ಊರವರಿಗೆ ಕೂಲಿ.

"ನೀವು ಕೂಲಿಗೆ ಹೋದ್ರಾ ದೊಡ್ಡಮ್ಮ?"

"ಕೂಲಿಗಾ? ನೋಡಕ್ಕೆ ಹೋಗಿದ್ದು! ಮದ್ವೆಯಾಗಿ ಬಂದಿದ್ದೆ. ಅತ್ತೆ ಬೈದ್ರು, ಬೈಲಿ ಅಂತ ಮಂಕ್ರಿ ಹಿಡ್ಕಂಡು ಓಡ್ದೆ. ಮನೇಲಿ ಕೂತಿದ್ರೆ ವಿಮಾನದ ಹೊಟ್ಟೆ ಒಳಗೆ ಏನೈತೆ ಅಂತ ಯಾರು ತೋರಿಸ್ತಿದ್ರು?"

"ಏನಿತ್ತು?"

"ಗಡಿಯಾರ. ಸಾಲಾಗಿ ಗಡಿಯಾರ. ಒಬ್ಬ ಸಿಪಾಯಿ ಒಳಗೆ ಕೂತ್ಕಂಡು ಸುತ್ತಿಗೇಲಿ ಒಂದೊಂದೇ ಒಡೆದ. ಒಂದನ್ನೂ ಬುಡ್ಲಿಲ್ಲ. ಆಮೇಲೆ ಸರಪಳಿ ಚಕ್ರದ ಗಾಡಿ ತಂದು ರೆಕ್ಕೆ ಮೇಲೆ ಹತ್ತಿಸಿದ್ರು. ಆ ಸದ್ದಿಗೆ ಊರಿನ ದನ ಎಲ್ಲಾ ಹಗ್ಗ ಕಿತ್ಕಂಡವು."

"ಲಾರಿಗಳ್ನ?"

"ಅವು ಕೆಟ್ಟಿರ್ಲಿಲ್ಲ ಕಣಪ್ಪ. ಓಡ್ಸ್ಕಂಡೇ ಗುಂಡಿಗೆ ಇಳಿಸಿದ್ರು. ಕೆಳಗಿನ ಬಿರಡೆ ಬಿಚ್ಚಿ ಎಣ್ಣೆ ಎಲ್ಲಾ ಪೀಪಾಯಿಗೆ ಹಿಡ್ಕಂಡ್ರು. ಆಮೇಲೆ ಎಣ್ಣೆ ಇಲ್ದಂಗೆ ಶುರು ಮಾಡಿ, ಕಾಲಲ್ಲಿ ತುಳಿಯೋದ್ರ ಮೇಲೆ ಕಲ್ಲು ಇಟ್ಟು, ಎದ್ದು ದೂರ ಬಂದು ನಿಂತ್ರು. ಅರಚ್ಕಂಡವು, ಅರಚ್ಕಂಡವು, ಒಂದೊಂದಾಗಿ ಕಟಕ್ ಅಂತ ನಿಂತೋದ್ವು."

 ಎಂಜಿನ್ನನ್ನು ಎಣ್ಣೆಯಿಲ್ಲದೆ ಓಡಿಸಬೇಡಿ ಎಂದು ರೈತರ ಕಾಲಿಗೆ ಬೀಳುವುದೇ ನನ್ನ ಕಸುಬು. ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಆ ಎಂಜಿನ್ ಮತ್ತೆ ತಿರುಗುವುದಿಲ್ಲ. ಅದನ್ನೇ ಬೇಕೆಂದು, ಲೆಕ್ಕ ಹಾಕಿ ಮಾಡಿದ್ದರು. ಬೇರೆ ದೇಶದಿಂದ ಯುದ್ಧಕ್ಕೆಂದು ತಂದ ಸಾಮಾನು, ಯುದ್ಧ ಮುಗಿದ ಮೇಲೆ ಬಳಸುವಂತಿಲ್ಲ, ಮಾರುವಂತಿಲ್ಲ ಎಂಬ ಕರಾರು ಇತ್ತಂತೆ ಎಂದು ಬಹಳ ವರ್ಷಗಳ ಮೇಲೆ ಒಬ್ಬ ನಿವೃತ್ತ ಸೈನಿಕರು ನನಗೆ ವಿವರಿಸಿದರು. ಕಾರಣ ತಿಳಿದರೂ ಇವತ್ತಿಗೂ ನನಗೆ ಅದು ಒಪ್ಪಿಗೆಯಾಗಿಲ್ಲ.

ಆದರೆ ನನ್ನ ಒಗಟು ಅರ್ಧ ಬಿಡಿಸಿದಂತಾಯಿತು. "ಆ ಪೀಪಾಯಿ ಏನಾದ್ವು?" ಎಂದೆ.

"ಅವೂ ಗುಂಡಿಗೇ. ಕೊನೆಗೆ ಉಳ್ಳಿಸಿದ್ರು, ಇಳಿಜಾರಿನ ಕಡೆಯಿಂದ. ಒಂದು ಬೋಲ್ಟೂ ಊರಿಗೆ ಹೋಗಂಗಿಲ್ಲ ಅಂತ ಸಾಯಂಕಾಲ ನಮ್ಮ ಮಂಕ್ರಿ ಕೊಡವಿ ನೋಡಿ ಕಳುಸ್ತಿದ್ರು."

ಮೂವತ್ತೈದು ವರ್ಷ ಪೀಪಾಯಿಗಳು ತಡೆದಿವೆ, ಈಗ ತುಕ್ಕು ತಿಂದು ತೂತಾಗಿವೆ. ಏತದಲ್ಲಿ ನೀರೆತ್ತುತ್ತಿದ್ದ ಕಾಲದಲ್ಲಿ ಬಾವಿಗೆ ಅಷ್ಟು ದೂರದ ನೀರು ಬರಬೇಕಾಗಿರಲಿಲ್ಲ. ನಾನು ಕೂರಿಸಿದ ಎಂಜಿನ್ ದಿನವೆಲ್ಲ ಎಳೆದು ಎಳೆದು ಆ ಎಣ್ಣೆಯನ್ನೂ ಬಾವಿಗೆ ಕರೆದಿತ್ತು. ಯಜಮಾನರು ನನ್ನ ಎಂಜಿನ್ನನ್ನು ಬೈದದ್ದು ಪೂರ್ತಿ ತಪ್ಪೇನೂ ಆಗಿರಲಿಲ್ಲ. ಇದನ್ನು ಅವರಿಗೆ ಹೇಳಲು ನನಗೆ ಸ್ವಲ್ಪ ಸಮಯ ಬೇಕಾಯಿತು.

ಪೊಲೀಸ್ ಠಾಣೆಗೆ ಹೇಳಿ ಕಳಿಸಿದೆವು. ಒಬ್ಬ ಜಮಾದಾರರು ಬಂದು ನೋಡಿ, ಬಾಂಬು ಗೀಂಬು ಇದೆಯೇ ಎಂದು ಕೇಳಿ, ದೊಡ್ಡಮ್ಮ ಇಲ್ಲ ಎಂದ ಮೇಲೆ, ಎಣ್ಣೆ ತೆಗೆದು ಬೇಗ ಮುಚ್ಚಿಬಿಡಿ ಎಂದು ಹೇಳಿ ಹೋದರು.

ಮರ ಕಡಿಯುವಂತಿಲ್ಲ, ಪೀಪಾಯಿ ತೆಗೆಯಲೇಬೇಕು. ಮೇಸ್ತ್ರಿಯೂ ನಾನೂ ಕೂತು ಒಂದು ಉಪಾಯ ಹುಡುಕಿದೆವು. ಗುಂಡಿಯ ತಳದಿಂದ ಮಗ್ಗುಲಿಗೆ, ಮರಗಳ ಬೇರಿನ ಕೆಳಗೆ, ಒಬ್ಬ ತೂರುವಷ್ಟು ಅಗಲದ ಸುರಂಗ ಕೊರೆಯುವುದು. ಪೀಪಾಯಿಗಳನ್ನು ಹಗ್ಗ ಹಾಕಿ ಒಂದೊಂದಾಗಿ ಎಳೆದು ಹೊರಗೆ ತರುವುದು. ಮೇಸ್ತ್ರಿ ಗುಂಡಿಯನ್ನೂ ಮಗ್ಗುಲಿನ ಗವಿಯನ್ನೂ ನೋಡಿ, "ನಾವು ಸತ್ತೋರ್ನ ಕೂರಿಸೋಕೆ ತೋಡೋದೂ ಹಿಂಗೇ ಅಲ್ವೇನ್ರೀ," ಎಂದು ನಕ್ಕ. ದೊಡ್ಡಮ್ಮ ಮಾತ್ರ ನಗಲಿಲ್ಲ.

ಸುರಂಗಕ್ಕೆ ಮರದ ಹಲಗೆಗಳನ್ನು ಆನಿಸುತ್ತ ಕೊರೆದುಕೊಂಡು ಹೋದ ಮೂರನೆಯ ದಿನ, ಮೊದಲ ಪೀಪಾಯಿಯ ದುಂಡನೆಯ ಬೆನ್ನು ಸಿಕ್ಕಿತು. ಹಗ್ಗ ಬಿಗಿದು ನಾಲ್ಕು ಜನ ಎಳೆದರು. ಪೀಪಾಯಿ ಅಲುಗಲಿಲ್ಲ, ಬದಲಿಗೆ ಮೇಲಿನ ಒಂದು ಮರದ ಗರಿಗಳು ಗಾಳಿಯಿಲ್ಲದೆ ಒಮ್ಮೆ ನಡುಗಿದವು. ಎಲ್ಲರೂ ಹಗ್ಗ ಬಿಟ್ಟರು. ಪೀಪಾಯಿಯ ಮೇಲೆ ಏನು ಕೂತಿದೆ ಎಂದು ನೋಡದೆ ಎಳೆದರೆ ಮರ ನಮ್ಮ ತಲೆಯ ಮೇಲೇ ಬರುತ್ತದೆ. ಒಳಗೆ ಕಗ್ಗತ್ತಲೆ. ಮೇಸ್ತ್ರಿ ಲಾಟೀನು ಹೊತ್ತಿಸಿ ಗುಂಡಿಗೆ ಇಳಿಯಲು ಕಾಲಿಟ್ಟ.

"ಬ್ಯಾಡ ಕಣ್ಲಾ! ದೀಪ ಒಳಕ್ಕೆ ಬ್ಯಾಡ!"

ದೊಡ್ಡಮ್ಮ ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಓಡಿ ಬಂದು ಮೇಸ್ತ್ರಿಯ ಕೈಯಿಂದ ಲಾಟೀನು ಕಿತ್ತುಕೊಂಡು, ಬತ್ತಿ ಇಳಿಸಿ ಆರಿಸಿ, ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಯಜಮಾನರು ಗಾಬರಿಯಾಗಿ ನೀರು ತಂದರು. ಅದನ್ನು ಪಕ್ಕಕ್ಕಿಟ್ಟು ದೊಡ್ಡಮ್ಮ ಮಗನಿಗೆ ಹೇಳಿದರು.

"ನಿನ್ನ ಚಿಕ್ಕಪ್ಪ. ನಿಮ್ಮಪ್ಪನ ತಮ್ಮ. ಸಿಪಾಯಿಗಳು ಹೋದ ಮೇಲೆ, ಮೂರ್‍ಸಂಜೆ ಹೊತ್ನಲ್ಲಿ ಬಂದು ಅಗೆದವ್ನೆ. ಪೆಟ್ರೋಲ್ ಸಿಗ್ತದೆ ಅಂತ. ಪೀಪಾಯಿ ಬಿರಡೆ ಬಿಚ್ಚಿ, ಒಳಗೆ ಎಷ್ಟೈತೆ ಅಂತ ಲಾಟೀನು ಹಿಡಿದು ಬಗ್ಗಿ ನೋಡವ್ನೆ. ಭಗ್ ಅಂತ ಹತ್ಕಂತು."

"ಜ್ವರ ಬಂದು ಹೋದ್ರು ಅಂತ ನಂಗೆ ಹೇಳಿದ್ದೆಯಲ್ಲವ್ವ," ಎಂದರು ಯಜಮಾನರು.

"ಅಲ್ಲಿಂದ ಬೋಲ್ಟು ಎತ್ತಿದ್ರೂ ಪೊಲೀಸ್ರು ಹಿಡ್ಕಂಡು ಹೋಗ್ತಿದ್ರು ಕಣೋ. ಜ್ವರ ಅಂತ ಹೇಳ್ದೋ. ಹೇಳಿ ಹೇಳಿ ನಮಗೂ ಅದೇ ಆಗೋಯ್ತು." ಮರಗಳ ಕಡೆ ನೋಡಿದರು. "ಬೇಲಿ ಹಾಕಿದ್ರೆ ಕಿತ್ತು ಹಾಕ್ತಾರೆ, ಕಲ್ಲು ಹಾಕಿದ್ರೆ ಎತ್ತಿ ಹಾಕ್ತಾರೆ ಅಂದ್ರು ನಿಮ್ಮಪ್ಪ. ತೆಂಗಿನ ಸಸಿ ತಂದು ಒತ್ತೊತ್ತಾಗಿ ನೆಟ್ರು. ಫಲ ಬಿಡೋ ಮರದ ಬುಡ ಯಾವನು ಅಗೀತಾನೆ ಅಂದ್ರು."

 ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಆ ಎಂಟು ಮರ ತೋಟವಲ್ಲ, ಬೀಗ. ಅವತ್ತು ಕೆಲಸ ನಿಲ್ಲಿಸಿದೆವು.

ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಾಗ ನನ್ನ ಮೇಲೆ ನನಗೇ ನಗು ಬಂತು. ಇಷ್ಟು ದಿನ ಪೀಪಾಯಿ ಹೇಗೆ ತೆಗೆಯುವುದು ಎಂದು ತಲೆ ಕೆಡಿಸಿಕೊಂಡಿದ್ದೆ. ಬಾವಿಗೆ ತೊಂದರೆ ಕೊಡುತ್ತಿರುವುದು ಪೀಪಾಯಿಯಲ್ಲ, ಒಳಗಿನ ಎಣ್ಣೆ. ಜೀವಮಾನವಿಡೀ ಬಾವಿಯನ್ನು ಇದ್ದಲ್ಲೇ ಬಿಟ್ಟು ನೀರನ್ನು ಮಾತ್ರ ಮೇಲೆ ತಂದವನು ನಾನು. ಪೀಪಾಯಿಯೂ ಒಂದು ಸಣ್ಣ ಬಾವಿಯೇ ತಾನೆ? ಇದ್ದಲ್ಲೇ ಇರಲಿ, ಎಣ್ಣೆಯನ್ನು ಎತ್ತಿದರಾಯಿತು. ಮರಕ್ಕೂ ಅಪಾಯವಿಲ್ಲ, ಬೀಗವೂ ಒಡೆಯುವುದಿಲ್ಲ.

ಸೀಮೆಎಣ್ಣೆ ಡಿಪೋದವರಿಂದ ಪೀಪಾಯಿಗೆ ಹಾಕುವ ಕೈಪಂಪನ್ನು ಎರವಲು ತಂದೆ. ಹಿಡಿ ತಿರುಗಿಸಿದರೆ ಎಣ್ಣೆ ಎತ್ತುವ ಪಂಪು, ಕರೆಂಟಿಲ್ಲ, ಕಿಡಿಯಿಲ್ಲ. ಕಬ್ಬಿಣದ ಸುತ್ತಿಗೆ ಒಳಕ್ಕೆ ತರಬಾರದೆಂದು ಹಿತ್ತಾಳೆಯ ಉಳಿ, ಮರದ ಕೊಡತಿ. ಬೀಡಿ ಕಟ್ಟುಗಳನ್ನೆಲ್ಲ ಮೇಲೇ ಕಸಿದಿಟ್ಟೆ. ಎರಡು ದಿನ ಸುರಂಗದ ಬಾಯಿಗೆ ಗೋಣಿ ತಟ್ಟನ್ನು ಗಾಳಿ ಬೀಸುವ ಕಡೆಗೆ ಓರೆಯಾಗಿ ಕಟ್ಟಿ, ಒಳಗೆ ಗಾಳಿ ಹೋಗುವಂತೆ ಬಿಟ್ಟೆವು.

ಬೆಳಕಿಗೆ ಮಾತ್ರ ಏನು ಮಾಡುವುದೆಂದು ತಿಳಿಯಲಿಲ್ಲ. ಬ್ಯಾಟರಿಯನ್ನೂ ನಾನು ನಂಬಲಿಲ್ಲ. ದೊಡ್ಡಮ್ಮನೇ ಹೇಳಿ, ಮನೆಯ ಬೀರುವಿನ ಕನ್ನಡಿಯನ್ನು ಬಿಚ್ಚಿಸಿ ಹೊರಿಸಿಕೊಂಡು ಬಂದರು. ಯಜಮಾನರು ಅದನ್ನು ಮೇಲೆ ಹಿಡಿದು ಬಿಸಿಲನ್ನು ಗುಂಡಿಯ ತಳಕ್ಕೆ ಬಿಟ್ಟರು. ತಳದಲ್ಲಿ ಮೇಸ್ತ್ರಿ ಕ್ಷೌರದ ಕನ್ನಡಿ ಹಿಡಿದು ಆ ಬಿಸಿಲನ್ನು ಸುರಂಗದೊಳಕ್ಕೆ ತಿರುಗಿಸಿದ. ಹೊತ್ತು ಸರಿದಂತೆ ಇಬ್ಬರೂ ಕೈ ಸರಿಸುತ್ತ ನಿಂತರು. ಕೈ ನೋವೆಂದು ಯಜಮಾನರು ಗೊಣಗಿದಾಗಲೆಲ್ಲ ನನಗೆ ಅಂಗಡಿಯಲ್ಲಿ ಅವರಾಡಿದ ಮಾತು ನೆನಪಾಗಿ ಒಂದು ಬಗೆಯ ಸಮಾಧಾನವಾಗುತ್ತಿತ್ತು.

ಹೊಟ್ಟೆಯ ಮೇಲೆ ತೆವಳಿಕೊಂಡು ಹೋದವನು, ಆ ಬಿಸಿಲು ಒಳಗೆ ಬಿದ್ದಾಗ ಕಂಡದ್ದನ್ನು ಮರೆಯಲಾರೆ. ಪೀಪಾಯಿಗಳ ಮೇಲೆ ವಿಮಾನದ ರೆಕ್ಕೆ ಮಗುಚಿ ಬಿದ್ದಿತ್ತು. ರೆಕ್ಕೆಯ ಒಳ ಎಲುಬುಗಳಲ್ಲಿ ತೂಕ ಕಡಿಮೆ ಮಾಡಲು ದುಂಡು ದುಂಡು ತೂತು ಕೊರೆದಿದ್ದರು. ಒಂದೊಂದು ತೂತಿನಿಂದಲೂ ತೆಂಗಿನ ಬೇರು ಹೊಕ್ಕು ಹೊರಟು, ಇಡೀ ರೆಕ್ಕೆಯನ್ನು ಚಾಪೆ ಹೆಣೆದಂತೆ ಹೆಣೆದಿತ್ತು. ಆಚೆಗೆ ಒಂದು ಎಂಜಿನ್. ಸಿಲಿಂಡರುಗಳು ಸಾಲಾಗಿರದೆ ಸುತ್ತಲೂ ಹೂವಿನ ಎಸಳಿನ ಹಾಗೆ ಕೂತಿದ್ದವು. ಅಂಥದ್ದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಮುಟ್ಟಬೇಕೆಂದು ಕೈ ಚಾಚಿದೆ, ಎಟುಕಲಿಲ್ಲ. ಮಗ್ಗುಲಲ್ಲಿದ್ದ ಲಾರಿಯ ಫ್ಯಾನು ಎಟುಕಿತು. ಎರಡು ಬೆರಳು ಹಾಕಿ ತಿರುಗಿಸಲು ನೋಡಿದೆ. ಕಲ್ಲಿನಂತೆ ನಿಂತಿತ್ತು.

ಬಿರಡೆಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಕೊಬ್ಬರಿ ಎಣ್ಣೆ ಸುರಿದು, ಒಂದು ರಾತ್ರಿ ಬಿಟ್ಟು, ಹಿತ್ತಾಳೆ ಉಳಿ ಕೊಟ್ಟು ಮೆಲ್ಲಗೆ ಬಡಿದಾಗ ಒಂದು ಬಿಟ್ಟುಕೊಂಡಿತು. ರಬ್ಬರ್ ಪೈಪು ಇಳಿಬಿಟ್ಟು ಹಿಡಿ ತಿರುಗಿಸಿದರೆ, ಎಣ್ಣೆ ಮಂದವಾದ್ದರಿಂದ ಪೈಪೇ ಚಪ್ಪಟೆಯಾಗಿ ಅಂಟಿಕೊಂಡಿತು. ಅಂದಿನ ದಿನ ಅಷ್ಟಕ್ಕೇ ಮುಗಿಯಿತು. ಮರುದಿನ ತಿಪಟೂರಿಗೆ ಹೋಗಿ ಗಟ್ಟಿ ಪೈಪಿನ ತುಂಡುಗಳಿಗೆ ಬಾಗಿದ ಎಲ್ಬೋ ಜೋಡಿಸಿ ತಂದೆ. ಆಮೇಲೆ ಬಂತು ನೋಡಿ, ಕರ್ರಗೆ, ಮಂದವಾಗಿ, ಸದ್ದಿಲ್ಲದೆ. ಒಂದು ಪೀಪಾಯಿಯ ಬಿರಡೆ ಕೆಳಮುಖವಾಗಿತ್ತು. ಮರದ ಸನ್ನೆಕೋಲು ಹಾಕಿ, ಮೇಲಿನ ಗರಿಗಳನ್ನು ನೋಡಲು ಒಬ್ಬನನ್ನು ನಿಲ್ಲಿಸಿ, ಕೂದಲೆಳೆಯಷ್ಟಷ್ಟೇ ಹೊರಳಿಸಿದೆವು. ಪೆಟ್ರೋಲಿನ ವಾಸನೆ ಇದ್ದ ಪೀಪಾಯಿಯನ್ನು ಕೊನೆಗಿಟ್ಟುಕೊಂಡಿದ್ದೆ. ತಳದಲ್ಲಿ ಅಂಟಿನಂಥ ಚೂರು ಉಳಿದಿತ್ತು ಅಷ್ಟೆ. ಅದನ್ನು ತೆಗೆಯುವಾಗ ದೊಡ್ಡಮ್ಮ ಗುಂಡಿಯ ಅಂಚು ಬಿಟ್ಟು ಏಳಲಿಲ್ಲ. ನಾನು ತೆವಳಿಕೊಂಡು ಹೊರಗೆ ಬಂದಾಗ ತಲೆ ಸವರಿ, "ಬಂದ್ಯಾ ಮಗಾ," ಎಂದರು. ಅಷ್ಟೇ ಹೇಳಿದ್ದು.

ಎಣ್ಣೆಯನ್ನು ಹೆಂಚಿನ ಕಾರ್ಖಾನೆಯವರು ಒಲೆಗೆಂದು ಒಯ್ದರು. ಸುರಂಗಕ್ಕೆ ಕೆರೆಯ ಜೇಡಿಮಣ್ಣು ತುಂಬಿ, ದಿಮ್ಮಿಯಿಂದ ಗುದ್ದಿ ಗುದ್ದಿ ಮುಚ್ಚಿದೆವು. ಬಾವಿಗೆ ಒಣ ತೆಂಗಿನ ನಾರಿನ ಕಂತೆಗಳನ್ನು ಇಳಿಬಿಟ್ಟು, ಎಣ್ಣೆ ಕುಡಿದ ಮೇಲೆ ಎತ್ತಿ ಸುಡುವುದು, ನೀರೆಳೆದು ಬೀಳಿಗೆ ಚೆಲ್ಲುವುದು, ಮತ್ತೆ ಹೊಸ ಕಂತೆ. ಬೇಸಿಗೆಯೆಲ್ಲ ಅದೇ ಕೆಲಸ. ಬಾವಿಯಿಂದ ದೂರದ ಸಾಲುಗಳಲ್ಲಿ ಕೆಲವು ಮರ ಸೋತು ಹೀಚು ಉದುರಿಸಿದವು. ಮುಂಗಾರು ಬಿದ್ದ ಮೇಲೆ ಒಂದು ಬೆಳಿಗ್ಗೆ ಕಾಗದದ ತುಂಡನ್ನು ನೀರಿನ ಮೇಲೆ ಆಡಿಸಿ ಬಿಸಿಲಿಗಿಟ್ಟೆ. ಒಣಗಿದಾಗ ಬರೀ ಕಾಗದವಾಗಿತ್ತು. ಯಜಮಾನರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಎಂಜಿನ್ನನ್ನು ಮತ್ತೆ ಕೂರಿಸಲು ನಾನು ಹೋಗಿದ್ದ ದಿನವೇ ಗುಜರಿಯವನು ತಿರುಗಿ ಬಂದ. ಈ ಸಲ ಅವನು ಪೂರ್ತಿ ತಯಾರಾಗಿದ್ದ. ಮರ ಕಡಿಯುವವರನ್ನು ಬೇರೆ ಸೀಮೆಯಿಂದ ಕರೆತರುತ್ತಾನಂತೆ, ಒಂದೇ ದಿನದಲ್ಲಿ ಮುಗಿಸುತ್ತಾನಂತೆ. "ಎಣ್ಣೆ ಹೆಂಗೂ ಹೋಯ್ತು, ಇನ್ನೇನು ಭಯ? ಮಣ್ಣೊಳಗೆ ಸುಮ್ಕೆ ಕೊಳೆಯೋ ಮಾಲು," ಎಂದು ಯಜಮಾನರನ್ನು ಹಿಡಿದು ನಿಂತ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಜಮಾನರು ನೆಲ ನೋಡುತ್ತ ನಿಂತರು. ಅವರು ಸೋತ ಮರಗಳನ್ನು ಎಣಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು.

ದೊಡ್ಡಮ್ಮ ಜಗಲಿಯಿಂದಲೇ ಆಳನ್ನು ಕರೆದರು. "ಹೋಗ್ಲಾ, ಬಂದೋರಿಗೆ ಎಳನೀರು ಇಳಿಸ್ಕಂಡು ಬಾ. ಎಂಟು ಮರದ್ದೇ ತಾ."

ನಾನು ಬೆರಗಾದೆ. ಕೊಬ್ಬರಿ ಮಾಡುವ ಮನೆಗಳಲ್ಲಿ ಎಳನೀರು ಇಳಿಸುವುದೆಂದರೆ ಸಣ್ಣ ಮಾತಲ್ಲ, ಬಲಿತು ಅಟ್ಟಕ್ಕೇರಬೇಕಾದ ಕಾಯಿ ಅದು. ಮನೆಯ ಅಳಿಯ ಬಂದರೂ ಕಾಫಿಯಲ್ಲೇ ಮುಗಿಸುತ್ತಾರೆ. ಆಳು ಹತ್ತಿ ಇಳಿಸಿ, ಕೆತ್ತಿ, ಮೊದಲನೆಯದನ್ನು ಗುಜರಿಯವನ ಕೈಗೆ ಕೊಟ್ಟ.

ಅವನು ಮೂಸಿ ನೋಡಿದ. "ಎಣ್ಣೆ ವಾಸ್ನೆ ಬರಕಿಲ್ವೇನವ್ವ?"

"ಕುಡಿದು ನೀನೇ ಹೇಳಪ್ಪ."

ಒಂದೇ ಉಸಿರಿಗೆ ಕುಡಿದ. ದೊಡ್ಡಮ್ಮ ಕಣ್ಸನ್ನೆ ಮಾಡಿದರು, ಆಳು ಇನ್ನೊಂದು ಕೊಟ್ಟ. ಅದನ್ನೂ ಕುಡಿದು ಮೀಸೆ ಒರೆಸಿಕೊಂಡು, "ಕಲ್ಲುಸಕ್ಕರೆ ಕಣವ್ವ," ಎಂದ.

"ಹೊಟ್ಟೆ ತಣ್ಣಗಾಯ್ತಾ?"

"ಆಯ್ತವ್ವ."

"ಹಂಗಾದ್ರೆ ಎದ್ದು ನೋಡಪ್ಪ," ಎಂದು ದೊಡ್ಡಮ್ಮ ಮರಗಳತ್ತ ಕೈ ಮಾಡಿದರು. "ಎಂಟೂ ಅಲ್ಲೇ ನಿಂತವೆ. ನಿನ್ನ ಬಾಯಿಂದಾನೇ ಹೇಳು, ಮೊದ್ಲು ಯಾವುದಕ್ಕೆ ಕೊಡಲಿ ಹಾಕಿಸ್ಲಿ?"

ಅವನು ಮರಗಳನ್ನು ನೋಡಿದ, ಕೈಲಿದ್ದ ಬುರುಡೆಯನ್ನು ನೋಡಿದ.  ಆಮೇಲೆ ಬುರುಡೆಯನ್ನು ಕೆಳಗೆ ಮೆತ್ತಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಎರಡೂ ಕೈ ಜೋಡಿಸಿದ.

"ಬತ್ತೀನಿ ಕಣವ್ವ," ಎಂದ.